ಗುಡ್ಡ ಒಡೆದರೆ ಕೆರೆಗೆ ನೀರೆಲ್ಲಿಂದ?

ಸಂಪಾದಕರೇ,
ನಮ್ಮೂರ ಪಕ್ಕದ ಗುಡ್ಡದಲ್ಲಿ ಜಲ್ಲಿ ಕ್ವಾರಿ ಮಾಡುವ ಪ್ರಸ್ತಾಪ ಬಂದಿದೆ. ನಾಲ್ಕು ಜನಕ್ಕೆ ಕೆಲಸ ಸಿಗುತ್ತದೆ ಅಂತಾರೆ, ಸಿಗಲಿ. ಆದರೆ ನೀರು? ಉತ್ತರ ಪಿನಾಕಿನಿ, ಚಿತ್ರಾವತಿ ಹುಟ್ಟುವುದು ನಮ್ಮ ನಂದಿ ಬೆಟ್ಟದ ಸಾಲಿನಲ್ಲೇ ಆದರೂ ವರ್ಷವಿಡೀ ಹರಿಯುವ ನದಿ ನಮಗೆ ಒಂದೂ ಇಲ್ಲ. ಗುಡ್ಡದ ಮಳೆನೀರು ಕಾಲುವೆ ಹಿಡಿದು ಕೆರೆ ಸೇರಿದರೆ ಮಾತ್ರ ಬೋರ್‌ವೆಲ್‌ಗೆ ಜೀವ. ಇಲ್ಲಿ ಕೆಳಗೆ ಗಟ್ಟಿ ಬಂಡೆ, ನೀರು ನಿಲ್ಲುವುದು ಅದರ ಬಿರುಕುಗಳಲ್ಲಿ. ಕ್ವಾರಿ ಗುಂಡಿ ಆಳಕ್ಕಿಳಿದು ನೀರು ಜಿನುಗಿದರೆ ಪಂಪ್ ಇಟ್ಟು ಹೊರಗೆ ಚೆಲ್ಲುತ್ತಾರೆ, ಅದು ಪಕ್ಕದ ದ್ರಾಕ್ಷಿ ತೋಟದವರ ನೀರೇ ಅಲ್ವಾ? ಕ್ರಷರ್ ಧೂಳು ಬೇರೆ, ಮಳೆಗೆ ಕೊಚ್ಚಿ ಬಂದು ಕೆರೆ ತಳದಲ್ಲಿ ಗಾರೆಯ ಹಾಗೆ ಕೂರುತ್ತದೆ, ಆಮೇಲೆ ನೀರು ಇಂಗುವುದು ಕಷ್ಟ. ಕ್ವಾರಿಗೆ ಅನುಮತಿ ಕೊಡುವವರೇ, ಸುಮ್ನೆ ಸಹಿ ಹಾಕಬೇಡಿ. ಮೊದಲು ಸುತ್ತಲಿನ ಬೋರ್‌ವೆಲ್‌ಗಳ ನೀರಿನ ಮಟ್ಟ ಅಳೆದು ಪಂಚಾಯ್ತಿ ಗೋಡೆಗೆ ಅಂಟಿಸಿ.

– ಒಬ್ಬ ರೈತ, ಚಿಕ್ಕಬಳ್ಳಾಪುರ ತಾಲ್ಲೂಕು