ಕ್ಯಾನ್ಸಸ್‌ಗೆ ಹೋದ ಮಗಳಿಗೊಂದು ಪತ್ರ

ಪುಟ್ಟಿ,

ನೀನು ಕ್ಯಾನ್ಸಸ್‌ಗೆ ಹೋಗಿ ಇವತ್ತಿಗೆ ಒಂಬತ್ತು ದಿನ. ಅಮ್ಮನ ಜೊತೆ ದಿನಾ ಅರ್ಧ ಗಂಟೆ ಮಾತಾಡುತ್ತೀಯ. ನನ್ನ ಕೈಗೆ ಫೋನ್ ಬಂದರೆ "ಊಟ ಆಯ್ತಾಪ್ಪ", ಅಷ್ಟೇ. ಹೊರಡುವ ಹಿಂದಿನ ರಾತ್ರಿಯದ್ದನ್ನೆಲ್ಲ ಮತ್ತೆ ಬರೆಯುವುದಿಲ್ಲ. "ಗುದ್ದಾಟ ಇಲ್ಲದ್ದು ಫುಟ್‌ಬಾಲೇ ಅಲ್ಲ" ಅಂದೆನಲ್ಲ, ಆ ಒಂದು ಮಾತಿಗೆ ಮಾತ್ರ ಕ್ಷಮಿಸು. ಅಮೆರಿಕನ್ ಫುಟ್‌ಬಾಲ್‌ನ ಗುದ್ದಾಟ ಇಲ್ಲದ ರೂಪವಾದ ಫ್ಲ್ಯಾಗ್ ಫುಟ್‌ಬಾಲ್‌ನ ಸ್ಕಾಲರ್‌ಶಿಪ್ ಮೇಲೆಯೇ ಕಾಲೇಜಿಗೆ ಹೊರಟ ಮಗಳಿಗೆ ಅಪ್ಪ ಆಡುವ ಮಾತಲ್ಲ ಅದು.

ಕ್ವಾರ್ಟರ್‌ಬ್ಯಾಕ್‌ಗಳಲ್ಲಿ, ಅಂದರೆ ತಂಡಕ್ಕೆ ಚೆಂಡು ಎಸೆದುಕೊಡುವವರಲ್ಲಿ, ನನ್ನ ಕಾಲದ ಮೊಂಟಾನಾ ದೊಡ್ಡವನಾ ನಿನ್ನ ಕಾಲದ ಮಹೋಮ್ಸ್ ದೊಡ್ಡವನಾ ಅನ್ನುವುದನ್ನು ಮಾತ್ರ ಬಿಡಲಾರೆ. ನೀನು ಅಂಕಿ ಮುಂದಿಟ್ಟೆ. 2018ರಲ್ಲಿ ಮಹೋಮ್ಸ್ 5,097 ಯಾರ್ಡ್ ಎಸೆದ, ಮೊಂಟಾನಾ ಯಾವ ಸೀಸನ್‌ನಲ್ಲೂ 4,000 ಕೂಡ ಮುಟ್ಟಲಿಲ್ಲ. ನಿಜ. ಆದರೆ ಡ್ಯಾನ್ ಮರೀನೋ 1984ರಲ್ಲೇ 5,084 ಎಸೆದಿದ್ದ, ಬರೀ 13 ಯಾರ್ಡ್ ಕಮ್ಮಿ. ಆ ಸೀಸನ್ನಿನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಅವನನ್ನು 38-16ಕ್ಕೆ ಸೋಲಿಸಿದ್ದು ಮೊಂಟಾನಾನ ತಂಡ. ಒಂದೇ ಕಾಲದ ಇಬ್ಬರನ್ನೇ ಯಾರ್ಡ್ ಲೆಕ್ಕದಲ್ಲಿ ತೂಗೋಕೆ ಆಗಲ್ಲ, ಇನ್ನು 34 ವರ್ಷ ಆಚೆ ಈಚೆಯವರನ್ನು ಹೇಗೆ ತೂಗುತ್ತೀಯ ಹೇಳು. ಮೊಂಟಾನಾ ಆಡಿದ್ದು ನಾಲ್ಕು ಸೂಪರ್ ಬೌಲ್, ನಾಲ್ಕೂ ಗೆಲುವು, 122 ಪಾಸ್‌ಗಳಲ್ಲಿ ಒಂದೂ ಎದುರಾಳಿಯ ಕೈಗೆ ಸಿಗಲಿಲ್ಲ. ಮಹೋಮ್ಸ್ ಮೊಂಟಾನಾ ಆಡಿದ್ದ ನಮ್ಮ ಸ್ಯಾನ್ ಫ್ರಾನ್ಸಿಸ್ಕೋ ತಂಡ ನೈನರ್ಸನ್ನೇ 2020ರಲ್ಲೂ 2024ರಲ್ಲೂ ಸೋಲಿಸಿದ ಅನ್ನುತ್ತೀಯ. ಅದೂ ನಿಜ, ಅವತ್ತು ನಾನೂ ನಿನ್ನ ಪಕ್ಕದಲ್ಲೇ ಕೂತಿದ್ದೆ.

ನನ್ನ ತಲೆಯಲ್ಲಿರುವುದು ಬೇರೆ. 1991ರ ಜನವರಿ 20. ಹಾಸನ ಬಿಟ್ಟು ಬಂದು ಇನ್ನೂ ಎರಡು ವರ್ಷ ಆಗಿರಲಿಲ್ಲ, ಸ್ಯಾನ್ ಹೋಸೆಯಲ್ಲಿ ನಾಲ್ಕು ಜನ ಹುಡುಗರು ಒಂದು ರೂಮು, ಒಂದು ಟೀವಿ. ನ್ಯೂಯಾರ್ಕ್ ಜೈಂಟ್ಸ್ ತಂಡದ ಮೇಲೆ ನೈನರ್ಸ್ ಪಂದ್ಯ, ಕೊನೆಯ ಕ್ವಾರ್ಟರ್. ಮೊಂಟಾನಾ ಲಾರೆನ್ಸ್ ಟೇಲರ್‌ನಿಂದ ತಪ್ಪಿಸಿಕೊಂಡು ಬಲಕ್ಕೆ ಓಡಿದ, ಎಸೆಯೋಕೆ ನಿಂತ. ಲಿಯೊನಾರ್ಡ್ ಮಾರ್ಷಲ್ ಒಂದು ಸಲ ನೆಲಕ್ಕೆ ಬಿದ್ದಿದ್ದವನು ಎದ್ದು ಓಡಿಬಂದು ಹಿಂದಿನಿಂದ ಗುದ್ದಿದ. ಅವನು ಬರುವುದು ನಮಗೆಲ್ಲ ಕಾಣುತ್ತಿತ್ತು, ಮೊಂಟಾನಾಗೆ ಕಾಣಲಿಲ್ಲ. ಬಿದ್ದವನು ಏಳಲಿಲ್ಲ. ಕೈಮೂಳೆ ಮುರಿದಿತ್ತು. ನನ್ನ ತಟ್ಟೆಯಲ್ಲಿ ಕಲಸಿದ್ದ ಅನ್ನ ಸಾರು ಹಾಗೇ ತಣ್ಣಗಾಯಿತು. ಪಂದ್ಯ 15-13ಕ್ಕೆ ಹೋಯಿತು. ಆಮೇಲೆ ಎರಡು ಸೀಸನ್ ಅವನು ಹೆಚ್ಚುಕಮ್ಮಿ ಆಡಲೇ ಇಲ್ಲ, 1993ರಲ್ಲಿ ಕ್ಯಾನ್ಸಸ್ ಸಿಟಿ ತಂಡಕ್ಕೆ ಹೊರಟೇಹೋದ. ನೀನು ಕ್ಯಾನ್ಸಸ್ ಅಂದಾಗ ಮೊದಲು ನೆನಪಾದದ್ದು ಇದೇ.

ಬೆನ್ನ ಹಿಂದಿನಿಂದ ಬಂದ ಪೆಟ್ಟು ಅದು. ನಿನ್ನ ಪಂದ್ಯ ನೋಡುವಾಗ ನಾನು ಚೆಂಡು ನೋಡುವುದಿಲ್ಲ ಪುಟ್ಟಿ, ನಿನ್ನ ಬೆನ್ನ ಹಿಂದೆ ಯಾರು ಬರುತ್ತಿದ್ದಾರೆ ಅಂತ ನೋಡುತ್ತಿರುತ್ತೇನೆ. ಸೊಂಟದ ಬೆಲ್ಟಿಗೆ ಸಿಕ್ಕಿಸಿದ ಫ್ಲ್ಯಾಗ್ ಎಳೆಯೋದಷ್ಟೇ, ಗುದ್ದುವ ಹಾಗಿಲ್ಲ ಅಂತ ನೂರು ಸಲ ಹೇಳಿದ್ದೀಯ. ಹೋದ ವರ್ಷ ತುಟಿಗೆ ಮೂರು ಹೊಲಿಗೆ ಬಿದ್ದಾಗಲೂ ಅದನ್ನೇ ಹೇಳಿದೆ.

2008ರಲ್ಲಿ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಯ ಮಂಡಿ ಹೋಯಿತು. ನೆಲಕ್ಕೆ ಬಿದ್ದವನು ಕ್ವಾರ್ಟರ್‌ಬ್ಯಾಕ್‌ನ ಕಾಲಿಗೆ ಎರಗಬಾರದು ಅಂತ ಮುಂದಿನ ವರ್ಷವೇ ನಿಯಮ ಬಿಗಿ ಮಾಡಿದರು. "ನಿಮ್ಮ ಕಾಲದವರಿಗೆ ಎಲ್ಲಾ ಸುಲಭ" ಅಂತ ನಾನು ಅಂದದ್ದು ಇದನ್ನೇ ಹಿಡಿದುಕೊಂಡು. ನೀನು ಅದನ್ನು ನಿನಗೇ ಅಂದದ್ದು ಅಂತ ತಿಳಿದೆ. ಸ್ವಲ್ಪ ನಿನಗೂ ಅಂದಿದ್ದೆ. ನಿಜವಾಗಿ ನನಗೆ ಆ ನಿಯಮಗಳ ಮೇಲೆ ಸಿಟ್ಟಿಲ್ಲ. ಅವು ಇನ್ನೂ ಮೊದಲೇ ಬರಬೇಕಿತ್ತು.

ಚೆಂಡು ಜಾಸ್ತಿ ಹೊತ್ತು ಕೈಯಲ್ಲಿ ಇಟ್ಟುಕೊಳ್ಳಬೇಡ. ಯಾರೂ ಸಿಗದಿದ್ದರೆ ಹೊರಗೆ ಎಸೆದುಬಿಡು, ಅದರಲ್ಲಿ ಅವಮಾನ ಇಲ್ಲ. ತಲೆಗೆ ಪೆಟ್ಟು ಬಿದ್ದರೆ ಕೋಚ್‌ಗೆ ಹೇಳು, ಮುಚ್ಚಿಡಬೇಡ. ಕೆಮಿಸ್ಟ್ರಿ ಲ್ಯಾಬ್ ತಪ್ಪಿಸಬೇಡ. ರಾತ್ರಿ ಎರಡರವರೆಗೆ ಫೋನ್ ನೋಡಬೇಡ, ಮರುದಿನ ಕಾಲು ನಿಧಾನ ಆಗುತ್ತೆ. ಇಷ್ಟು ಬರೆಯಬಾರದು ಅಂತಲೇ ಕೂತಿದ್ದೆ.

2023ರಲ್ಲಿ ಇಲ್ಲಿನ ಹೈಸ್ಕೂಲುಗಳಲ್ಲಿ ಹುಡುಗಿಯರ ಫ್ಲ್ಯಾಗ್ ಫುಟ್‌ಬಾಲ್ ಅಧಿಕೃತವಾಗಿ ಶುರುವಾದಾಗ ಮೊದಲ ದಿನವೇ ಹೋಗಿ ಹೆಸರು ಕೊಟ್ಟು ಬಂದವಳು ನೀನು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲೂ ಈ ಆಟ ಇದೆ ಅಂತ ಹಾಸನದ ಅಜ್ಜಿಗೂ ಫೋನ್ ಮಾಡಿ ಹೇಳಿದ್ದೇನೆ. ಕೊನೆಯ ಪಂದ್ಯದಲ್ಲಿ ಎಡಕ್ಕೆ ಓಡುತ್ತಲೇ ಮೈ ತಿರುಗಿಸದೆ ಬಲಕ್ಕೆ ಎಸೆದೆಯಲ್ಲ, ಅದು ಮಹೋಮ್ಸ್‌ನನ್ನು ನೋಡಿ ಕಲಿತದ್ದು. ಮೊಂಟಾನಾ ಹಾಗೆ ಎಸೆದದ್ದು ನಾನಂತೂ ನೋಡಿಲ್ಲ.

ನಿನ್ನ ಹಳೇ ಫ್ಲ್ಯಾಗ್ ಬೆಲ್ಟ್ ಒಗೆಯೋ ಬುಟ್ಟಿಯಲ್ಲಿ ಸಿಕ್ಕಿತು. ಬಕಲ್ ಹತ್ತಿರ ಹೊಲಿಗೆ ಬಿಟ್ಟಿತ್ತು, ಹೊಲಿದಿದ್ದೇನೆ. ಮನೆಯಲ್ಲಿ ಕಪ್ಪು ದಾರವೇ ಇದ್ದದ್ದು. ಅಮ್ಮ ಅದನ್ನು ಕಟ್ಟಿಕೊಂಡು ಮನೆಯ ಹಾಲ್‌ನಲ್ಲಿ ಓಡಿದಳು, ನಾನು ಎಳೆದು ನೋಡಿದೆ. ಎರಡೂ ಫ್ಲ್ಯಾಗ್ ಪಟ್ ಅಂತ ಬಂದವು, ಬೆಲ್ಟ್ ಸೊಂಟದಲ್ಲೇ ಇತ್ತು. ನಾಳೆ ಪೋಸ್ಟ್ ಮಾಡುತ್ತೇನೆ, ಜೊತೆಗೆ ಚಟ್ನಿಪುಡಿಯೂ ಇದೆ. ತಲುಪಿದಾಗ ನನ್ನ ನಂಬರಿಗೇ ಫೋನ್ ಮಾಡು.

ನಿನ್ನ ಅಪ್ಪ