ಮುದಿತಾ ಎಂಬ ಹೆಸರನ್ನು ನಮಗೆ ಕೊಟ್ಟವರಿಗೆ

ಕಳೆದ ಭಾನುವಾರ ನಮ್ಮ ಮಗಳನ್ನು ತೊಟ್ಟಿಲಿಗೆ ಹಾಕಿದೆವು. ಅವಳ ಸೋದರತ್ತೆ ಬಾಗಿ, ಕಿವಿಯ ಬಳಿ ‘ಮುದಿತಾ’ ಎಂದು ಮೂರು ಸಲ ಹೇಳಿದರು. ಹುಟ್ಟಿದ ಎರಡು ವಾರದೊಳಗೆ ಮುಗಿಯಬೇಕಿದ್ದ ಶಾಸ್ತ್ರ ನಮ್ಮ ಮನೆಯಲ್ಲಿ ಮೂರನೆಯ ತಿಂಗಳಿಗೆ ನಡೆಯಿತು. ಈ ನಡುವೆ ನಮ್ಮ ಕೈ ಹಿಡಿದು ನಡೆಸಿದವರೆಲ್ಲರ ಎದುರು ನಿಂತು ಕೃತಜ್ಞತೆ ಹೇಳುವುದು ಆಗಲಿಲ್ಲ. ಬಂದ ನೆಂಟರೆಲ್ಲ ಈ ಹೆಸರು ಎಲ್ಲಿಂದ ಬಂತು ಎಂದು ಕೇಳುತ್ತಲೂ ಇದ್ದಾರೆ. ಎರಡಕ್ಕೂ ಉತ್ತರ ಒಂದೇ ಆಗಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮಗು 31ನೆಯ ವಾರದಲ್ಲಿ ಹುಟ್ಟಿತು. ತೂಕ 1 ಕೆ.ಜಿ. 240 ಗ್ರಾಂ. ಹುಬ್ಬಳ್ಳಿಯ ಆಸ್ಪತ್ರೆಯೊಂದರ ಎನ್‌ಐಸಿಯುದಲ್ಲಿ, ಎಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಅವಳು 41 ದಿನ ಇದ್ದಳು. ನನ್ನ ಹೆಬ್ಬೆರಳಿಗಿಂತ ತುಸುವೇ ದಪ್ಪಗಿದ್ದ ಕೈಗೆ ಕಟ್ಟಿದ ಪಟ್ಟಿಯಲ್ಲಿ ಅವಳದೆಂದು ಹೆಸರಿರಲಿಲ್ಲ, ನನ್ನ ಹೆಸರಿನ ಮುಂದೆ ‘ಮಗು’ ಎಂದಷ್ಟೇ ಬರೆದಿತ್ತು. ಎರಡು ಗಂಟೆಗೊಮ್ಮೆ ಎರಡು ಎಂ.ಎಲ್. ಹಾಲು ನಳಿಕೆಯ ಮೂಲಕ ಇಳಿಯುವುದನ್ನು ನೋಡುತ್ತ ಕುಳಿತಿರುತ್ತಿದ್ದೆ. ರಾತ್ರಿ ಪಾಳಿಯ ಸಿಸ್ಟರ್ ಒಬ್ಬರು ಮಗುವನ್ನು ಮುಟ್ಟುವ ಮೊದಲು ಪ್ರತಿ ಸಲವೂ ತಮ್ಮ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. 1978ರಲ್ಲಿ ಕೊಲಂಬಿಯಾದ ಬೊಗೋಟಾ ನಗರದ ವೈದ್ಯರು ಆರಂಭಿಸಿದ ಕಾಂಗರೂ ಆರೈಕೆಯನ್ನು, ಎಂದರೆ ಮಗುವನ್ನು ತಾಯಿಯ ಬರಿ ಎದೆಗೆ ಅವಚಿ ಮೈಶಾಖದಲ್ಲಿಯೇ ಬೆಳೆಸುವ ಕ್ರಮವನ್ನು, ನನಗೆ ಕಲಿಸಿದವರೂ ಅವರೇ. ಅವರಿಗೆ, ವೈದ್ಯರಿಗೆ, ನಸುಕಿನಲ್ಲಿ ನೆಲ ಒರೆಸುತ್ತಲೇ ‘ಕೂಸು ಹೆಂಗೈತ್ರಿ?’ ಎಂದು ತಪ್ಪದೆ ಕೇಳುತ್ತಿದ್ದ ಆಯಾಗೆ ನಮ್ಮ ಮನೆಯವರೆಲ್ಲರ ನಮಸ್ಕಾರ.

ಆದರೆ ಹೆಸರಿನ ಋಣ ಇನ್ನೊಬ್ಬರದು. ಕುಂದಗೋಳದ ಕಡೆಯ ಹಳ್ಳಿಯೊಂದರಿಂದ ಬಂದಿದ್ದ ತಾಯಿಯೊಬ್ಬರು ತಾಯಂದಿರ ಕೋಣೆಯಲ್ಲಿ ನನ್ನ ಪಕ್ಕದಲ್ಲಿಯೇ ಚಾಪೆ ಹಾಸಿಕೊಳ್ಳುತ್ತಿದ್ದರು. ನಮ್ಮ ಮಗಳನ್ನು ಮನೆಗೆ ಕಳುಹಿಸುತ್ತೇವೆಂದು ವೈದ್ಯರು ಹೇಳಿದ ದಿನ ಅವರ ಮಗ ಇನ್ನೂ ವೆಂಟಿಲೇಟರಿನಲ್ಲಿದ್ದ. ಅವರ ಮುಂದೆ ಬಟ್ಟೆಬರೆ ಕಟ್ಟಿಕೊಳ್ಳಲು ನನಗೆ ಕೈ ಬರಲಿಲ್ಲ. ಅವರು ಹೊರಗೆ ಹೋಗಲೆಂದು ಕಾಯುತ್ತಿದ್ದೆ. ಅವರು ಅದನ್ನು ಗಮನಿಸಿದರೋ ಏನೋ, ಎದ್ದು ಬಂದು, ಚಹಾಕ್ಕೆಂದು ಕಾಗದದಲ್ಲಿ ಕಟ್ಟಿಟ್ಟುಕೊಂಡಿದ್ದ ಸಕ್ಕರೆಯ ಪೊಟ್ಟಣ ಬಿಚ್ಚಿ, ಒಂದು ಚಿಟಿಕೆ ನನ್ನ ಬಾಯಿಗೆ ಹಾಕಿ, ‘ಕೂಸು ಮನಿಗೆ ಹೊಂಟೈತಿ, ಬಾಯಿ ಸಿಹಿ ಮಾಡಬೇಕಲ್ರೀ ಅಕ್ಕಾರ’ ಎಂದರು. ಉಳಿದ ಸಕ್ಕರೆಯನ್ನು ಕೋಣೆಯಲ್ಲಿದ್ದ ಎಲ್ಲರಿಗೂ ಹಂಚಿದರು. ಅವರ ಮುಖದಲ್ಲಿದ್ದದ್ದು ನಿಜವಾದ ಸಂತೋಷ. ಅದನ್ನು ಅಷ್ಟು ಹತ್ತಿರದಿಂದ ಕಂಡಿದ್ದೇನೆ, ಹಾಗಾಗಿ ಇದರಲ್ಲಿ ನನಗೆ ಸಂಶಯವಿಲ್ಲ.

ಆ ರಾತ್ರಿ ಇದನ್ನು ನನ್ನ ತಂದೆಯವರಿಗೆ ಹೇಳಿದೆ. ಸಂಸ್ಕೃತ ಕಲಿಸಿ ನಿವೃತ್ತರಾದವರು ಅವರು. ಬಹಳ ಹೊತ್ತು ಸುಮ್ಮನಿದ್ದು, ‘ಅದಕ್ಕ ಒಂದು ಹೆಸರದ, ಮುದಿತಾ’ ಎಂದರು. ಪತಂಜಲಿಯ ಯೋಗಸೂತ್ರದ ಮೊದಲ ಪಾದದ 33ನೆಯ ಸೂತ್ರದಲ್ಲಿ ಮನಸ್ಸನ್ನು ತಿಳಿಯಾಗಿಸುವ ನಾಲ್ಕು ಭಾವಗಳನ್ನು ಹೇಳಿದೆ: ಸುಖಿಗಳಲ್ಲಿ ಮೈತ್ರಿ, ದುಃಖಿಗಳಲ್ಲಿ ಕರುಣೆ, ಪುಣ್ಯವಂತರಲ್ಲಿ ಮುದಿತಾ, ಅಪುಣ್ಯರಲ್ಲಿ ಉಪೇಕ್ಷೆ. ಬೌದ್ಧರೂ ಇದೇ ನಾಲ್ಕನ್ನು ಬ್ರಹ್ಮವಿಹಾರಗಳೆಂದು ಕರೆಯುತ್ತಾರೆ. ಅಲ್ಲಿ ಮುದಿತಾ ಎಂದರೆ ಇನ್ನೊಬ್ಬರ ಏಳಿಗೆಯನ್ನು ಕಂಡು ತನಗಾದಷ್ಟೇ ಹಿಗ್ಗುವುದು. ಮೈತ್ರಿ, ಕರುಣಾ ಎಂಬ ಹುಡುಗಿಯರು ನಮ್ಮ ಓಣಿಯಲ್ಲಿಯೇ ಇದ್ದಾರೆ, ಮುದಿತಾ ಮಾತ್ರ ಇಲ್ಲ. ನನಗನಿಸುವಂತೆ ನಾಲ್ಕರಲ್ಲಿ ಕಠಿಣವಾದದ್ದು ಇದೇ. ಅಳುವವರ ಜೊತೆ ಅಳುವುದು ನಮಗೆ ಬೇಗ ಬರುತ್ತದೆ, ನಾವೇ ಅಳುತ್ತಿರುವಾಗ ನಗುವವರ ಜೊತೆ ನಗುವುದು ಬರುವುದಿಲ್ಲ.

ಮನೆಯಲ್ಲಿ ಹೆಸರಿಗೆ ಕೂಡಲೇ ಒಪ್ಪಿಗೆ ಸಿಗಲಿಲ್ಲ. ಜನ್ಮನಕ್ಷತ್ರ ಆಶ್ಲೇಷಾ; ಅದರ ಅಕ್ಷರಗಳು ಡೀ, ಡೂ, ಡೇ, ಡೋ. ಜಾತಕದ ಹೆಸರು ಬೇರೆ ಇರಲಿ, ಕರೆಯುವ ಹೆಸರು ಬೇರೆ ಇರಲಿ ಎಂದು ಪುರೋಹಿತರೇ ದಾರಿ ತೋರಿಸಿದರು. ಅತ್ತೆಯವರ ಅಳುಕು ಬೇರೆಯದಾಗಿತ್ತು. ‘ಮುದಿ ಅಂತ ಕರದಂಗ ಆಗೂದಿಲ್ಲೇನವಾ? ಸಾಲ್ಯಾಗ ಹುಡುಗರು ಕಾಡ್ತಾರ’ ಎಂದರು. ಅದು ತಳ್ಳಿಹಾಕುವ ಮಾತಾಗಿರಲಿಲ್ಲ, ನಾವೂ ಎರಡು ದಿನ ಯೋಚಿಸಿದೆವು. ಮುದ, ಮೋದ, ಆಮೋದ, ಪ್ರಮೋದಗಳೆಲ್ಲ ಒಂದೇ ಧಾತುವಿನಿಂದ ಬಂದವು ಎಂದು ತಂದೆಯವರು ಬಿಡಿಸಿ ಹೇಳಿದರು. ಕೊನೆಗೆ ಸಮಾಧಾನ ತಂದದ್ದು ಮಾವನವರ ಮಾತು: ‘ಮುದಿ ಅಂದ್ರ ಅನ್ನಲಿ ಬಿಡ್ರಿ. ನಮ್ಮ ಕೂಸು ಮುದುಕಿ ಆಗೂತನಕ ಬಾಳಲಿ.’ ಇನ್‌ಕ್ಯುಬೇಟರಿನ ಗಾಜಿನ ಆಚೆ ಆ ಮಗುವನ್ನು ದಿನವೂ ಕಂಡಿದ್ದ ಅತ್ತೆಯವರು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋಗಿ, ಕಡಲೆ ನೆನೆಹಾಕಿದರು.

ನನ್ನ ಅಜ್ಜಿಗೆ ಸೂತ್ರದ ಅಗತ್ಯವೇ ಬೀಳಲಿಲ್ಲ. ಸಕ್ಕರೆಯ ಕಥೆ ಕೇಳಿ, ‘ಆ ತಾಯಿ ಹೊಟ್ಟಿ ತಣ್ಣಗಿರಲಿ’ ಎಂದರು. ಹೊಟ್ಟೆಕಿಚ್ಚು ಎಂಬ ಮಾತಿಗೆ ಎದುರಾಗಿ ನಮ್ಮ ಹಿರಿಯರು ಈ ಹರಕೆಯನ್ನು ಇಟ್ಟುಕೊಂಡಿದ್ದಾರೆ ಎಂಬುದು ನನಗೆ ಹೊಳೆದದ್ದು ಆಗಲೇ. ಮಗಳು ಅರ್ಥ ಕೇಳುವಷ್ಟು ದೊಡ್ಡವಳಾದಾಗ ಮೊದಲು ಅಜ್ಜಿಯ ಈ ಮಾತನ್ನೇ ಹೇಳುತ್ತೇನೆ.

ಜನನ ನೋಂದಣಿಯನ್ನು 21 ದಿನಗಳೊಳಗೆ ಹೆಸರಿಲ್ಲದೆಯೇ ಮಾಡಿಸಿದ ಮೈದುನನಿಗೂ ಧನ್ಯವಾದ. ಹೆಸರನ್ನು ಆಮೇಲೆ ಸೇರಿಸಬಹುದು, ಒಂದು ವರ್ಷದವರೆಗೆ ಅದಕ್ಕೆ ಶುಲ್ಕವೂ ಇಲ್ಲ ಎಂದು ಅವನು ತಿಳಿದುಕೊಂಡು ಬಂದದ್ದರಿಂದ ನಾವು ಅವಸರಕ್ಕೆ ಬಿದ್ದು ಯಾವುದೋ ಹೆಸರು ಬರೆಸಲಿಲ್ಲ.

ಕುಂದಗೋಳದ ಆ ತಾಯಿಯ ಮಗನೂ 19 ದಿನಗಳ ನಂತರ ಮನೆಗೆ ಹೋದ. ಅವನಿಗೆ ನೆಗಡಿಯಾಗಿದ್ದರಿಂದ ಅವರು ತೊಟ್ಟಿಲ ಶಾಸ್ತ್ರಕ್ಕೆ ಬರಲಾಗಲಿಲ್ಲ. ಸೋಮವಾರ ಬೆಳಿಗ್ಗೆ ಅವರೂರಿನ ಬಸ್ಸಿನಲ್ಲಿ ಕಡಲೆ ಗುಗ್ಗರಿಯ ಡಬ್ಬಿಯನ್ನೂ, ಅದರ ಮೇಲೆ ಒಂದು ಪೊಟ್ಟಣ ಸಕ್ಕರೆಯನ್ನೂ ಇಟ್ಟು ಕಳುಹಿಸಿದೆವು.