ಕಂಪನಿ ಕಟ್ಟುವ ಮುನ್ನ ಪರವಾನಗಿಯ ಕಾನೂನು ನೋಡಿ

ಮಾನ್ಯ ಸಂಪಾದಕರೇ,

ಕೆಲವೇ ದಿನಗಳಲ್ಲಿ ಪ್ರೈವೇಟ್ ಲಿಮಿಟೆಡ್ ಕಂಪನಿ ನೋಂದಣಿ ಮಾಡಿಸಿಕೊಡುತ್ತೇವೆ ಎಂಬ ಜಾಹೀರಾತುಗಳು ಈಗ ಮೊಬೈಲ್ ತೆರೆದರೆ ಸಾಕು, ಕಣ್ಣಿಗೆ ಬೀಳುತ್ತವೆ. ವ್ಯಾಪಾರ ಮಾಡುವವರಿಗೆ ಅವು ಉಪಯೋಗಕ್ಕೆ ಬರಬಹುದು. ಆದರೆ ಪರವಾನಗಿ ಇಲ್ಲದೆ ವೃತ್ತಿಯನ್ನೇ ನಡೆಸಲಾಗದ ವೈದ್ಯರು, ವಕೀಲರು, ಲೆಕ್ಕಪರಿಶೋಧಕರು ಮತ್ತು ವಾಸ್ತುಶಿಲ್ಪಿಗಳಿಗೂ ಅದೇ ಸರಕನ್ನು ಅದೇ ಮಾತಿನಲ್ಲಿ ಮಾರಲಾಗುತ್ತಿದೆ. ಲೆಕ್ಕಪರಿಶೋಧಕನಾದ ನನ್ನ ಬಳಿಗೆ ಸಲಹೆ ಕೇಳಿ ಬರುವ ಕಿರಿಯ ವೃತ್ತಿಪರರಲ್ಲಿ ಹೆಚ್ಚಿನವರು ‘ತೆರಿಗೆ ಯಾವುದರಲ್ಲಿ ಕಡಿಮೆ?’ ಎಂದೇ ಮಾತು ಆರಂಭಿಸುತ್ತಾರೆ. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ತನಗೆ ಪರವಾನಗಿ ಕೊಟ್ಟ ಕಾನೂನು ಯಾವ ಸ್ವರೂಪಕ್ಕೆ ಅವಕಾಶ ಕೊಡುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ 25ನೇ ಕಲಮಿನ ಪ್ರಕಾರ ಯಾವ ಕಂಪನಿಯೂ ಲೆಕ್ಕಪರಿಶೋಧಕ ವೃತ್ತಿ ನಡೆಸುವಂತಿಲ್ಲ. ಏಕವ್ಯಕ್ತಿಯಾಗಿ, ಪಾಲುದಾರಿಕೆ ಸಂಸ್ಥೆಯಾಗಿ ಅಥವಾ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆಯಾಗಿ, ಅಂದರೆ ಎಲ್‌ಎಲ್‌ಪಿಯಾಗಿ, ನಡೆಸಬಹುದು. ವಕೀಲರು ತಮ್ಮ ಶುಲ್ಕವನ್ನು ವಕೀಲರಲ್ಲದವರೊಂದಿಗೆ ಹಂಚಿಕೊಳ್ಳುವ ಪಾಲುದಾರಿಕೆಗೆ ಸೇರುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸುತ್ತವೆ. ಅಷ್ಟೇ ಅಲ್ಲ, ವಕೀಲರು ಯಾವುದೇ ಕಂಪನಿಯ ವ್ಯವಸ್ಥಾಪಕ ನಿರ್ದೇಶಕರಾಗುವಂತೆಯೂ ಇಲ್ಲ. 1972ರ ವಾಸ್ತುಶಿಲ್ಪಿಗಳ ಕಾಯ್ದೆಯಲ್ಲಿ ‘ಆರ್ಕಿಟೆಕ್ಟ್’ ಎಂಬ ಹೆಸರಿಗೆ ಹಕ್ಕಿರುವುದು ನೋಂದಾಯಿತ ವಾಸ್ತುಶಿಲ್ಪಿಗಳಿಗೆ ಮತ್ತು ಪಾಲುದಾರರೆಲ್ಲರೂ ನೋಂದಾಯಿತರಾಗಿರುವ ಸಂಸ್ಥೆಗಳಿಗೆ. ವೈದ್ಯರ ಸ್ಥಿತಿ ಬೇರೆ: ಆಸ್ಪತ್ರೆಯನ್ನು ಕಂಪನಿಯೂ ನಡೆಸಬಹುದು. ಆದರೆ ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಮಾಡಿಸಬೇಕಾದ ನೋಂದಣಿ, ಮಾಲೀಕತ್ವ ಯಾವ ರೂಪದಲ್ಲಿದ್ದರೂ ತಪ್ಪುವುದಿಲ್ಲ.

ಎರಡನೆಯದು ಹೊಣೆಯ ಪ್ರಶ್ನೆ. ಇಲ್ಲಿಯೇ ಜಾಹೀರಾತುಗಳು ಜನರನ್ನು ಅತಿ ಹೆಚ್ಚು ದಾರಿ ತಪ್ಪಿಸುತ್ತಿವೆ ಎಂಬುದು ನನ್ನ ಅಭಿಪ್ರಾಯ. ‘ಲಿಮಿಟೆಡ್’ ಎಂಬ ಪದ ಹೆಸರಿನ ಹಿಂದೆ ಇದ್ದರೆ ಮನೆ, ಸೈಟು, ಉಳಿತಾಯ ಎಲ್ಲವೂ ಸುರಕ್ಷಿತ ಎಂದು ಅನೇಕರು ನಂಬಿದ್ದಾರೆ. ಒಬ್ಬ ವೈದ್ಯೆ ಒನ್ ಪರ್ಸನ್ ಕಂಪನಿ ಮಾಡಿಕೊಂಡು ಅದರ ಹೆಸರಿನಲ್ಲಿ ಕ್ಲಿನಿಕ್ ನಡೆಸಿದರೂ, ಚಿಕಿತ್ಸೆಯಲ್ಲಿ ನಿರ್ಲಕ್ಷ್ಯ ಸಾಬೀತಾದರೆ ಹೊಣೆ ಚಿಕಿತ್ಸೆ ಕೊಟ್ಟ ಅವರ ಮೇಲೆಯೇ ಬರುತ್ತದೆ. ವೈದ್ಯಕೀಯ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿಯೇ ಹೇಳಿದೆ. ಎಲ್‌ಎಲ್‌ಪಿಯ ನಿಜವಾದ ಪ್ರಯೋಜನ ಇರುವುದು ಬೇರೆ ಕಡೆ. 1932ರ ಪಾಲುದಾರಿಕೆ ಕಾಯ್ದೆಯಡಿ ಸಂಸ್ಥೆಯ ಕೆಲಸದಲ್ಲಿ ಒಬ್ಬ ಪಾಲುದಾರ ಮಾಡಿದ ತಪ್ಪಿಗೆ ಉಳಿದವರೆಲ್ಲರ ಸ್ವಂತ ಆಸ್ತಿಯೂ ಉತ್ತರ ಹೇಳಬೇಕಾಗುತ್ತದೆ. 2008ರ ಎಲ್‌ಎಲ್‌ಪಿ ಕಾಯ್ದೆಯಲ್ಲಿ ಹಾಗಿಲ್ಲ, ತನ್ನ ತಪ್ಪಿಗೆ ತಾನು ಮಾತ್ರ ಹೊಣೆ, ಜೊತೆಗಾರನ ತಪ್ಪಿಗೆ ತನ್ನ ಮನೆ ಹೋಗುವುದಿಲ್ಲ. ಹೀಗಾಗಿ ಹಲವರು ಸೇರಿ ನಡೆಸುವ ಕಚೇರಿಗೆ ಅದು ಒಳ್ಳೆಯ ಏರ್ಪಾಡು. ಕನಿಷ್ಠ ಇಬ್ಬರು ಪಾಲುದಾರರು ಬೇಕಾಗುವ ಕಾರಣ ಒಬ್ಬರೇ ಕೆಲಸ ಮಾಡುವವರಿಗೆ ಅದು ಒದಗುವುದೂ ಇಲ್ಲ. ಅಂಥವರಿಗೆ ಆಸರೆಯಾಗುವುದು ಕಂಪನಿಯಲ್ಲ, ವೃತ್ತಿ ಹೊಣೆಗಾರಿಕೆಯ ವಿಮೆ. ಇನ್ನು ಉಪಕರಣಗಳಿಗೆ ಸಾಲ ಕೊಡುವ ಬ್ಯಾಂಕು ನಿರ್ದೇಶಕರ ವೈಯಕ್ತಿಕ ಜಾಮೀನನ್ನೂ ಕೇಳುವುದು ಸಾಮಾನ್ಯವಾದ್ದರಿಂದ, ಸೀಮಿತ ಹೊಣೆ ಎಂಬುದು ಅಲ್ಲಿಯೂ ಹೆಚ್ಚು ದೂರ ನಡೆಯುವುದಿಲ್ಲ.

ಸಹಪಾಠಿಗಳಿಬ್ಬರು ಸೇರಿ ದಂತ ಚಿಕಿತ್ಸಾಲಯ ತೆರೆದು, ಬರೇ ಬಾಯಿಮಾತಿನ ಮೇಲೆ ವರ್ಷಗಟ್ಟಲೆ ನಡೆಸುವುದು ನಮ್ಮ ಊರುಗಳಲ್ಲಿ ಅಪರೂಪವೇನಲ್ಲ. ಸ್ನೇಹಿತರ ನಡುವೆ ಪಾಲುದಾರಿಕೆ ಪತ್ರ ಕೇಳುವುದು ಅಪನಂಬಿಕೆಯಂತೆ ಕಾಣುತ್ತದೆಯೇನೋ! ಆದರೆ ಪತ್ರದಲ್ಲಿ ಬೇರೆ ಒಪ್ಪಂದ ಇಲ್ಲದಿದ್ದರೆ ಒಬ್ಬ ಪಾಲುದಾರರ ಮರಣದೊಂದಿಗೆ ಸಂಸ್ಥೆಯೇ ವಿಸರ್ಜನೆಯಾಗುತ್ತದೆ. ಅವಧಿ ನಿಗದಿಯಾಗದ ಪಾಲುದಾರಿಕೆಯನ್ನು ಯಾರು ಬೇಕಾದರೂ ಒಂದು ಲಿಖಿತ ನೋಟಿಸಿನಿಂದ ಮುಗಿಸಬಹುದು. ನೋಂದಣಿಯಾಗದ ಸಂಸ್ಥೆ ತನಗೆ ಬರಬೇಕಾದ ಹಣಕ್ಕಾಗಿ ಹೊರಗಿನವರ ಮೇಲೆ ದಾವೆ ಹೂಡಲಾಗದು, ಅದರ ಮೇಲೆ ದಾವೆ ಹೂಡಲು ಮಾತ್ರ ಯಾವ ಅಡ್ಡಿಯೂ ಇಲ್ಲ. ಕುರ್ಚಿ, ಎಕ್ಸ್‌ರೇ ಯಂತ್ರ, ಬಾಡಿಗೆ ಮುಂಗಡ ಯಾರ ಪಾಲಿಗೆ ಎಂಬ ಜಗಳ ಆ ಹೊತ್ತಿಗೆ ಎರಡು ಕುಟುಂಬಗಳ ಜಗಳವಾಗಿರುತ್ತದೆ.

ತೆರಿಗೆಯ ವಿಚಾರವನ್ನು ಚಿಕ್ಕದಾಗಿ ಹೇಳಬಹುದು. ವಾರ್ಷಿಕ ವೃತ್ತಿ ಗಳಿಕೆ 50 ಲಕ್ಷ ರೂಪಾಯಿ ಮೀರದ, ನಗದು ಸ್ವೀಕೃತಿ ಶೇ 5ರೊಳಗಿದ್ದರೆ 75 ಲಕ್ಷ ಮೀರದ, ವೃತ್ತಿಪರರು ಅದರ ಅರ್ಧವನ್ನು ಆದಾಯವೆಂದು ತೋರಿಸಿ, ಲೆಕ್ಕಪುಸ್ತಕಗಳ ಗೋಜಿಲ್ಲದೆ ತೆರಿಗೆ ಕಟ್ಟುವ ಅವಕಾಶವಿದೆ. 24 ಲಕ್ಷ ಗಳಿಸುವ, ಬೇರೆ ಆದಾಯವಿಲ್ಲದ ವೈದ್ಯರಿಗೆ 2025-26ರಿಂದ ಹೊಸ ಪದ್ಧತಿಯಲ್ಲಿ ತೆರಿಗೆಯೇ ಬರುವುದಿಲ್ಲ. ಎಲ್‌ಎಲ್‌ಪಿಗಾಗಲಿ ಕಂಪನಿಗಾಗಲಿ ಈ ಸೌಲಭ್ಯ ಇಲ್ಲ. ಜೊತೆಗೆ ಒಂದು ರೂಪಾಯಿ ವಹಿವಾಟು ನಡೆಯದಿದ್ದರೂ ಕಂಪನಿಗೆ ಲೆಕ್ಕಪರಿಶೋಧನೆ ಕಡ್ಡಾಯ, ವಾರ್ಷಿಕ ಪತ್ರಗಳ ಸಲ್ಲಿಕೆ ತಡವಾದರೆ ಪ್ರತಿ ಪತ್ರಕ್ಕೆ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ. ಎಲ್‌ಎಲ್‌ಪಿಯೂ ಪ್ರತಿವರ್ಷ ಮೇ 30 ಮತ್ತು ಅಕ್ಟೋಬರ್ 30ರೊಳಗೆ ತನ್ನ ಎರಡು ಪತ್ರಗಳನ್ನು ಸಲ್ಲಿಸಲೇಬೇಕು. ನಮ್ಮಂಥವರಿಗೆ ಇದರಿಂದ ಕೆಲಸ ಸಿಗುತ್ತದೆ, ನಿಜ. ಆದರೆ ಬೇಡದ ಕಡೆ ಸಿಗುವ ಈ ಕೆಲಸದ ಖರ್ಚನ್ನು ಕೊನೆಗೆ ಭರಿಸುವವರು ರೋಗಿಗಳು ಮತ್ತು ಕಕ್ಷಿದಾರರು.

ಚಿಕ್ಕದಾಗಿ ಆರಂಭಿಸಿದರೆ ಮುಂದೆ ದಾರಿ ಮುಚ್ಚಿಹೋಗುತ್ತದೆ ಎಂಬ ಭಯಕ್ಕೂ ಆಧಾರವಿಲ್ಲ. ಪಾಲುದಾರಿಕೆ ಸಂಸ್ಥೆಯನ್ನು ಎಲ್‌ಎಲ್‌ಪಿಯಾಗಿ ಪರಿವರ್ತಿಸಲು ಕಾಯ್ದೆಯಲ್ಲಿಯೇ ಅವಕಾಶವಿದೆ. ಪರವಾನಗಿ ಪತ್ರ ನೀಡುವ ಪರಿಷತ್ತುಗಳು, ವಕೀಲರ ಸಂಘಗಳು ಮತ್ತು ವೈದ್ಯರ ಸಂಘಗಳ ಜಿಲ್ಲಾ ಶಾಖೆಗಳು ಹೊಸಬರಿಗಾಗಿ ಈ ಕುರಿತು ಕನ್ನಡದಲ್ಲಿ ಒಂದು ದಿನದ ತರಬೇತಿ ಏರ್ಪಡಿಸಬೇಕು. ನೋಂದಣಿ ಸೇವೆಯ ಜಾಹೀರಾತು ಕೊಡುವವರು ನೋಂದಣಿಯ ಶುಲ್ಕದ ಪಕ್ಕದಲ್ಲಿಯೇ, ಅದೇ ಗಾತ್ರದ ಅಕ್ಷರಗಳಲ್ಲಿ, ಪ್ರತಿವರ್ಷದ ಖರ್ಚು ಎಷ್ಟು ಎಂಬುದನ್ನೂ ಮುದ್ರಿಸುವಂತೆ ಸಂಬಂಧಪಟ್ಟ ಸಚಿವಾಲಯ ಕಡ್ಡಾಯ ಮಾಡಬೇಕು.

ಇಂತಿ,
ಓರ್ವ ಲೆಕ್ಕಪರಿಶೋಧಕ, ದಾವಣಗೆರೆ